ಮಗ್ಗದೂರಿನವಳು ಕಡಲು ಕಂಡಾಗ

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಬೆಳಗಾಗುವುದೇ ಪವರ್‌ಲೂಮಿನ ಸದ್ದಿನಿಂದ. ನೀರು ಅಂದರೆ ನಮಗೆ ಬೋರ್‌ವೆಲ್ಲು, ಟ್ಯಾಂಕರ್ರು ಅಷ್ಟೇ. ಅಂಥದ್ದರಲ್ಲಿ ಪಿಯುಸಿ ಮುಗಿಸಿದ ಮಗ, "ಅಮ್ಮ, ನಾನು ಮರ್ಚೆಂಟ್ ನೇವಿಗೆ ಸೇರ್ತೀನಿ" ಅಂದಾಗ ಎದೆ ಧಸಕ್ಕೆಂದಿತು. "ಮೊದಲು ಸಮುದ್ರ ನೋಡ್ಕೊಂಡು ಬಾ, ಆಮೇಲೆ ಮಾತಾಡು" ಅಂದೆ. "ನೀನೂ ಬಾ" ಅಂದ. ಹಾಗೆ ಹೊರಟೆವು ಕಾರವಾರಕ್ಕೆ.

ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಟ್ಯಾಗೋರ್ ಕಡಲತೀರ ಸೇರಿದೆವು. ಅಲ್ಲಿ ದಡದ ಮೇಲೆ ಐಎನ್‌ಎಸ್ ಚಪಲ್ ನಿಂತಿದೆ. ನೌಕಾಪಡೆಯಿಂದ ನಿವೃತ್ತಿಯಾದ ಈ ಕ್ಷಿಪಣಿ ನೌಕೆ ಈಗ ವಸ್ತುಸಂಗ್ರಹಾಲಯ. ತಲೆ ತಗ್ಗಿಸಿ ಒಳಹೊಕ್ಕರೆ ನಮ್ಮ ಮಗ್ಗದ ಮನೆಗಿಂತ ಇಕ್ಕಟ್ಟು!

"ಇಷ್ಟು ಚಿಕ್ಕದ್ರಲ್ಲಿ ಯುದ್ಧ ಮಾಡ್ತಾರೇನೋ?" ಅಂದೆ. ಹೊರಬಂದು ಮರಳಲ್ಲಿ ಕೂತಾಗ ಮಗ ತಾನು ಓದಿದ್ದ ಕಥೆ ಹೇಳಿದ.

1942ರ ನವೆಂಬರ್ 11. ಹಿಂದೂ ಮಹಾಸಾಗರದ ನಡುವೆ 'ಒಂಡಿನಾ' ಎಂಬ ಡಚ್ ತೈಲದ ಹಡಗು. ಅದರ ಕಾವಲಿಗೆ ನಮ್ಮ ರಾಯಲ್ ಇಂಡಿಯನ್ ನೇವಿಯ ಪುಟ್ಟ 'ಬೆಂಗಾಲ್'. ಎದುರಿಗೆ ಬಂದವು ಎರಡು ಜಪಾನಿ ಹಡಗುಗಳು, ಒಂದೊಂದೂ ಸುಮಾರು 10,000 ಟನ್ನಿನವು. ಬೆಂಗಾಲ್‌ನ ನಾಯಕ ವಿಲಿಯಂ ಜೋಸೆಫ್ ವಿಲ್ಸನ್, "ನೀವು ತಪ್ಪಿಸಿಕೊಳ್ಳಿ" ಎಂದು ಒಂಡಿನಾಗೆ ಸೂಚಿಸಿ, ತಾನು ಶತ್ರುವಿನ ಕಡೆಗೇ ಹಡಗು ತಿರುಗಿಸಿದ. ಒಂಡಿನಾ ಕೂಡ ಗುಂಡು ಹಾರಿಸಿತು. ಜಪಾನಿ ಹಡಗುಗಳಲ್ಲೊಂದಾದ 'ಹೊಕೊಕು ಮಾರು' ಸ್ಫೋಟಗೊಂಡು ಮುಳುಗಿತು. ಒಂಡಿನಾದ ಕ್ಯಾಪ್ಟನ್ ತೀರಿಹೋದ. ಗುಂಡುಗಳು ಮುಗಿಯುತ್ತ ಬಂದಾಗ ಬೆಂಗಾಲ್ ಹಿಂದೆ ಸರಿಯಿತು. ಒಂಡಿನಾ ಮುಳುಗಿತೆಂದೇ ವಿಲ್ಸನ್ ತಿಳಿದಿದ್ದ. ಆದರೆ ಬೆಂಗಾಲ್ ಡಿಯಾಗೊ ಗಾರ್ಸಿಯಾಕ್ಕೆ, ಒಂಡಿನಾ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ಗೆ, ಎರಡೂ ದಡ ಮುಟ್ಟಿದವು. ವಿಲ್ಸನ್‌ಗೆ ಡಿಎಸ್ಒ ಪದಕ ಬಂತು.

"ದೊಡ್ಡ ನೌಕಾಪಡೆ ಆಫೀಸರ್ ಇರ್ಬೇಕು" ಅಂದೆ.

"ಅಲ್ಲಮ್ಮ, ರಿಸರ್ವ್ ಆಫೀಸರ್. ಮರ್ಚೆಂಟ್ ಹಡಗಿನ ಕೆಲಸದವರನ್ನೇ ಯುದ್ಧ ಬಂದಾಗ ಕರೀತಿದ್ರು."

ನನ್ನ ಬಾಯಿ ಕಟ್ಟಿಹೋಯಿತು. ಸರಕು ಹಡಗಾದರೆ ಅಪಾಯವಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ! ಅದನ್ನೂ ಕಿತ್ತುಕೊಂಡ. "ಇದನ್ನೆಲ್ಲ ಯಾಕೋ ಹೇಳ್ದೆ? ಮುಚ್ಚಿಟ್ಟಿದ್ರೆ ನಾನು ಸುಮ್ಮನೆ ಒಪ್ತಿದ್ದೆ" ಅಂದೆ.

"ಮುಚ್ಚಿಟ್ಟು ಹೋಗೋಕೆ ಮನಸ್ಸು ಬರ್ಲಿಲ್ಲಮ್ಮ" ಅಂದ.

ಹಿಂದಿನ ದಿನದವರೆಗೂ ಹುಡುಗ ಅಂದುಕೊಂಡಿದ್ದೆ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು ಮಲಗಿದ್ದ. ಊರಿಗೆ ಬಂದು ಅರ್ಜಿಗೆ ಸಹಿ ಹಾಕಿದ್ದೇನೆ. ಹೆದರಿಕೆ ಮಾತ್ರ ಹೋಗಿಲ್ಲ. ಮಕ್ಕಳನ್ನು ದೂರ ಕಳಿಸಿದ ಅಮ್ಮಂದಿರೇ, ನಿಮಗೂ ಹೀಗೇ ಅನಿಸಿತ್ತಾ?