ನೆಲದೊಳಗಿನ ನೆಂಟ

ಪ್ರಾಣಿಗಳನ್ನು ಸಾಕುವವರೆಲ್ಲರೂ ಅವುಗಳಿಂದ ಏನಾದರೊಂದು ಪ್ರತಿಫಲವನ್ನು ನಿರೀಕ್ಷಿಸುವುದು ಲೋಕರೂಢಿ. ಹಸು ಹಾಲು ಕೊಡುತ್ತದೆ. ನಾಯಿ ಬಾಗಿಲು ಕಾಯುತ್ತದೆ. ಬೆಕ್ಕು ಇಲಿಗಳನ್ನು ಓಡಿಸುತ್ತದೆ. ಗಿಳಿ ಕಲಿಸಿದ ಮಾತನ್ನು ಹಾಗೆಯೇ ಒಪ್ಪಿಸುತ್ತದೆ. ಇವಾವುದೂ ಆಗದಿದ್ದರೂ, ಕರೆದಾಗ ಕಣ್ಣೆದುರಿಗೆ ಬಂದು ನಿಲ್ಲುವುದಾದರೂ ಸಾಕುಪ್ರಾಣಿಯ ಧರ್ಮವೆಂದು ನಾವು ಭಾವಿಸಿದ್ದೇವೆ. ಇಂಥ ಯಾವ ಧರ್ಮವನ್ನೂ ಪಾಲಿಸದೆ, ವರ್ಷದ ಅರ್ಧಕಾಲ ಯಾರ ಕಣ್ಣಿಗೂ ಬೀಳದೆ, ಆದರೂ ಮನೆಮಂದಿಯೆಲ್ಲರ ಮಮತೆಗೆ ಪಾತ್ರವಾಗಿದ್ದ ಪ್ರಾಣಿಯೊಂದು ನಮ್ಮ ಮನೆಯಲ್ಲಿದ್ದಿತು. ಅದು ಒಂದು ಕಪ್ಪೆ.

ಅದನ್ನು ನಾವು ಸಾಕಿದೆವು ಎಂದು ಹೇಳುವುದಕ್ಕಿಂತ, ಅದು ನಮ್ಮಲ್ಲಿಗೆ ಬಂದು ನೆಲೆಸಿತು ಎನ್ನುವುದೇ ಸರಿ. ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ಮನೆಯ ಹಿಂದೆ ಒಂದಿಷ್ಟು ಹಿತ್ತಿಲು. ಅಲ್ಲೊಂದು ನಿಂಬೆಯ ಗಿಡ, ಕರಿಬೇವು, ನಾಲ್ಕಾರು ದಾಸವಾಳ. 2018ರ ಬೇಸಿಗೆಯಲ್ಲಿ ಗಿಡಗಳ ಬುಡಕ್ಕೆಂದು ಕೆರೆಯ ಗೋಡುಮಣ್ಣನ್ನು ತರಿಸಿ ಹಾಕಿದ್ದೆವು. ಜೂನ್ ತಿಂಗಳ ಮಳೆ ಬಿದ್ದ ಮರುದಿನ ಸಂಜೆ ನಿಂಬೆಯ ಬುಡದಲ್ಲಿ ಒಂದು ಕಪ್ಪೆ ಕುಳಿತಿದ್ದಿತು. ಎರಡು ಅಂಗುಲದ ಗುಂಡನೆಯ ದೇಹ, ಮೊಂಡು ಮೂತಿ, ಗಿಡ್ಡ ಕಾಲುಗಳು. ಮಣ್ಣಿನದೇ ಬಣ್ಣದ ಮೈಮೇಲೆ ಕಪ್ಪು ಮಚ್ಚೆಗಳು. ಎಡ ಹೆಗಲಿನ ಮೇಲೆ ಮಾತ್ರ ತೊಗರಿಬೇಳೆಯಂತಹ ಒಂದು ಹಳದಿ ಬೊಟ್ಟು. ಆಗ ಏಳನೆಯ ತರಗತಿಯಲ್ಲಿ ಓದುತ್ತಿದ್ದ ನನ್ನ ತಂಗಿಯ ಮಗಳು ಪುಟ್ಟಿ ಅದಕ್ಕೆ ‘ಗುಂಡ’ ಎಂದು ನಾಮಕರಣ ಮಾಡಿದಳು. ಅದನ್ನು ಪಂಜರದಲ್ಲಿಡಲಿಲ್ಲ, ಗಾಜಿನ ಪೆಟ್ಟಿಗೆಯಲ್ಲಿ ಕೂಡಲಿಲ್ಲ. ಹಿತ್ತಿಲ ದೀಪಕ್ಕೆ ಮುತ್ತುವ ಹುಳುಗಳನ್ನು ಹಿಡಿಯಲು ಅದು ತಾನಾಗಿಯೇ ಬರುತ್ತಿತ್ತು. ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಮಣ್ಣು ಸೇರುತ್ತಿತ್ತು.

ಅದು ಮಣ್ಣು ಸೇರುವ ಬಗೆಯೇ ನೋಡತಕ್ಕದ್ದು. ಇಲಿ ಹೆಗ್ಗಣಗಳು ಬಿಲ ತೋಡುವಾಗ ತಲೆ ಮುಂದಾಗಿ ನುಗ್ಗುತ್ತವೆ. ನಮ್ಮ ಗುಂಡನಾದರೋ ಹಿಮ್ಮುಖವಾಗಿ ಇಳಿಯುತ್ತಿದ್ದನು. ಅವನ ಹಿಂಗಾಲುಗಳ ಅಡಿಯಲ್ಲಿ ಸಲಿಕೆಯ ಬಾಯಿಯಂತೆ ಗಟ್ಟಿಯಾದ ಒಂದೊಂದು ಗಂಟು ಇದ್ದಿತು. ಒಂದು ಕಾಲಾದ ಮೇಲೆ ಇನ್ನೊಂದು ಕಾಲಿನಿಂದ ಮಣ್ಣನ್ನು ಅತ್ತಿತ್ತ ಸರಿಸುತ್ತ, ಕುಳಿತ ಭಂಗಿಯಲ್ಲೇ ಮೈ ತಿರುಗಿಸುತ್ತ, ಕೆಳಕ್ಕೆ ಕೆಳಕ್ಕೆ ಇಳಿದು, ಕಡೆಯಲ್ಲಿ ಎರಡು ಕಣ್ಣುಗಳನ್ನಷ್ಟೇ ಉಳಿಸಿಕೊಂಡು, ಮರುಕ್ಷಣ ಅವನ್ನೂ ಮುಚ್ಚಿಕೊಂಡು ಮಾಯವಾಗುತ್ತಿದ್ದನು. ಮೇಲಿನ ಮಣ್ಣು ಕುಸಿದು ಮುಚ್ಚಿಕೊಂಡರೆ ಅಲ್ಲೊಂದು ಜೀವ ಇಳಿದುಹೋದ ಗುರುತೂ ಉಳಿಯುತ್ತಿರಲಿಲ್ಲ. ಬಿಲ ತೋಡುವ ಈ ಕಪ್ಪೆಗಳು ಸ್ಫೀರೊಥೀಕ ಎಂಬ ಕುಲಕ್ಕೆ ಸೇರಿದವೆಂದು ಪ್ರಾಣಿಶಾಸ್ತ್ರದ ಅಧ್ಯಾಪಕರಾದ ಮಿತ್ರರೊಬ್ಬರು ತಿಳಿಸಿದರು.

ಆ ವರ್ಷದ ಡಿಸೆಂಬರ್ 2ರ ರಾತ್ರಿ ಕಂಡವನು ಮತ್ತೆ ಕಾಣಲಿಲ್ಲ. ಒಂದು ವಾರವಾಯಿತು, ಒಂದು ತಿಂಗಳಾಯಿತು. ಪುಟ್ಟಿ ದಿನವೂ ಸಂಜೆ ಹಿತ್ತಿಲಿಗೆ ಹೋಗಿ ನೋಡಿ ಬಂದು, ತನ್ನ ನೋಟುಪುಸ್ತಕದಲ್ಲಿ ‘ಇಲ್ಲ’ ಎಂದು ಬರೆಯುತ್ತಿದ್ದಳು. ಸಂಕ್ರಾಂತಿಯ ಹೊತ್ತಿಗೆ ಅವಳ ಧೈರ್ಯ ಕುಸಿಯಿತು. ಸತ್ತೇಹೋಗಿರಬೇಕೆಂದು ಕಣ್ಣೀರಿಟ್ಟು, ಅಗೆದು ನೋಡುವೆನೆಂದು ಗುದ್ದಲಿ ತಂದಳು. ನನ್ನ ತಾಯಿ ಅವಳ ಕೈ ಹಿಡಿದು, “ಇಲ್ಲ ಅಂತ ನಿನಗೆ ಹೇಗೆ ಗೊತ್ತು? ಕಾಣಲಿಲ್ಲ ಅಂತ ಬರಿ” ಎಂದರು. ಅಂದಿನಿಂದ ಪುಸ್ತಕದಲ್ಲಿ ‘ಕಾಣಲಿಲ್ಲ’ ಎಂಬ ಮಾತು ಬಂದಿತು. ಅವನು ಮರೆಯಾದಂದಿನಿಂದ ಒಟ್ಟು 160 ದಿನಗಳು ಹೀಗೆಯೇ ಸಾಗಿದವು. 2019ರ ಮೇ 11ರಂದು ಕೃತ್ತಿಕೆಯ ಮಳೆ ಸುರಿದ ರಾತ್ರಿ, ಎಡ ಹೆಗಲಿನ ಹಳದಿ ಬೊಟ್ಟನ್ನು ಹೊತ್ತುಕೊಂಡು ಗುಂಡನು ನಿಂಬೆಯ ಬುಡದಲ್ಲಿ ಕುಳಿತಿದ್ದನು. ಸ್ವಲ್ಪ ಬಡಕಲಾಗಿದ್ದನು, ಅಷ್ಟೆ.

ಐದು ತಿಂಗಳಿಗೂ ಮಿಕ್ಕಿ ಅನ್ನನೀರಿಲ್ಲದೆ, ಗಾಳಿ ಬೆಳಕುಗಳ ಸುಳಿವಿಲ್ಲದೆ ಮಣ್ಣಿನೊಳಗೆ ಒಂದು ಜೀವ ಉಳಿಯುವುದೆಂತು? ಉಳಿಯುವುದಾದರೂ, ಹಾಗೆ ಅಡಗಬೇಕೇಕೆ? ಈ ಪ್ರಶ್ನೆಗಳ ಬೆನ್ನು ಹತ್ತಿ ನಾವಿಬ್ಬರೂ ಸಿಕ್ಕ ಪುಸ್ತಕಗಳನ್ನೆಲ್ಲ ಓದಿದೆವು.

ಉತ್ತರದ ಮೊದಲ ಎಳೆ ಇರುವುದು ಕಪ್ಪೆಯ ಚರ್ಮದಲ್ಲಿ. ನಮ್ಮ ಚರ್ಮ ಒಂದು ಬಗೆಯ ಗೋಡೆ; ಹಲ್ಲಿಯ ಚರ್ಮವಂತೂ ಹುರುಪೆಗಳ ಕೋಟೆ. ಕಪ್ಪೆಯದು ಹಾಗಲ್ಲ. ಅದು ತೆಳುವಾದ, ನೀರೂ ಗಾಳಿಯೂ ಹಾದುಹೋಗುವ ಜರಡಿ. ಕಪ್ಪೆ ಬಾಯಿಯಿಂದ ನೀರು ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ಕುಳಿತು, ಹೊಟ್ಟೆಯ ಕೆಳಭಾಗದ ಚರ್ಮದಿಂದ ನೀರನ್ನು ಹೀರಿಕೊಳ್ಳುತ್ತದೆ. ಆದರೆ ನೀರು ಒಳಗೆ ಬರುವ ಬಾಗಿಲೇ ಹೊರಗೆ ಹೋಗುವ ಬಾಗಿಲೂ ಆಗಿದೆ. ಬೇಸಿಗೆಯ ಒಣಗಾಳಿಗೆ ಮೈಯೊಡ್ಡಿದರೆ ಅದರ ದೇಹದ ತೇವವೆಲ್ಲ ಆರಿಹೋಗುತ್ತದೆ. ನೆಲದ ಮೇಲ್ಮೈ ಕಾದ ಹೆಂಚಿನಂತಿರುವಾಗಲೂ ಕೆಳಗಿನ ಮಣ್ಣು ತಂಪಾಗಿಯೂ ಅಲ್ಪಸ್ವಲ್ಪ ತೇವವಾಗಿಯೂ ಇರುತ್ತದೆಯಷ್ಟೆ. ಹೀಗಿರುವಲ್ಲಿ, ಕೆರೆಯನ್ನು ಬಿಟ್ಟು ಬಯಲಿನಲ್ಲಿ ಬಾಳುವ ಕಪ್ಪೆಗೆ ಮಣ್ಣೇ ಕೊಡೆ, ಮಣ್ಣೇ ಕೊಡ.

ಕೊಡವೆಂದೆನಲ್ಲ, ಕಪ್ಪೆಯ ಒಳಗೂ ಒಂದು ಕೊಡವಿದೆ, ಅದು ಮೂತ್ರಕೋಶ. ನಾವು ಹೊರಚೆಲ್ಲುವ ನೀರನ್ನು ಬಿಲಗಪ್ಪೆಗಳು ಕೂಡಿಟ್ಟುಕೊಂಡು, ಬರಗಾಲದಲ್ಲಿ ಅದನ್ನೇ ಮತ್ತೆ ದೇಹಕ್ಕೆ ಹೀರಿಕೊಳ್ಳುತ್ತವೆ. ಆಸ್ಟ್ರೇಲಿಯದ ಒಣನಾಡಿನಲ್ಲಿ ‘ನೀರು ಹಿಡಿಯುವ ಕಪ್ಪೆ’ ಎಂದೇ ಹೆಸರಾದ ಜಾತಿಯೊಂದಿದೆ. ಮಳೆ ನಿಂತೊಡನೆ ಅದು ಮೈತುಂಬ ನೀರು ತುಂಬಿಕೊಂಡು ನೆಲಕ್ಕಿಳಿಯುತ್ತದೆ. ತನ್ನ ಚರ್ಮದ ಹೊರಪದರಗಳನ್ನು ಕಳಚಿ, ಆದರೆ ಬಿಸಾಡದೆ, ಅವುಗಳಿಂದಲೇ ಮೈಸುತ್ತ ಒಂದು ಕೋಶವನ್ನು ಕಟ್ಟಿಕೊಳ್ಳುತ್ತದೆ. ಉಸಿರಾಟಕ್ಕೆ ಮೂಗಿನ ಹೊಳ್ಳೆಗಳು ಮಾತ್ರ ತೆರೆದಿರುತ್ತವೆ. ಮಳೆ ಕೈಕೊಟ್ಟರೆ ವರ್ಷಗಳ ಕಾಲವೂ ಅದು ಹೀಗೆ ಇರಬಲ್ಲುದು. ಆ ನಾಡಿನ ಮೂಲನಿವಾಸಿಗಳು ನೀರು ಸಿಗದ ಕಾಲದಲ್ಲಿ ಇಂಥ ಕಪ್ಪೆಗಳನ್ನು ಅಗೆದು ತೆಗೆದು, ಅವು ಕೂಡಿಟ್ಟ ನೀರಿನಿಂದ ಬಾಯಾರಿಕೆಯನ್ನು ನೀಗಿಕೊಳ್ಳುತ್ತಿದ್ದರು.

ಇನ್ನು ಆಹಾರದ ಮಾತು. ವರಮಾನ ನಿಂತಾಗ ಜಾಣನಾದ ಸಂಸಾರಿ ವೆಚ್ಚವನ್ನು ಇಳಿಸುತ್ತಾನೆ. ಬಿಲಗಪ್ಪೆಯೂ ಮಾಡುವುದು ಇದನ್ನೇ. ಬೇಸಿಗೆಯಲ್ಲಿ ಹುಳುಹುಪ್ಪಟೆ ವಿರಳ. ಆಗ ಅದರ ದೇಹದ ಕೆಲಸಗಳೆಲ್ಲ ನಿಧಾನವಾಗುತ್ತವೆ. ಆಸ್ಟ್ರೇಲಿಯದ ಬಿಲಗಪ್ಪೆಗಳಲ್ಲಿ ಈ ದೀರ್ಘನಿದ್ರೆಯ ಕಾಲದ ಶಕ್ತಿಯ ವೆಚ್ಚ, ಎಚ್ಚತ್ತು ಸುಮ್ಮನೆ ಕುಳಿತಾಗಿನ ವೆಚ್ಚದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಹಿಂದೆ ಕೂಡಿಟ್ಟ ಕೊಬ್ಬೇ ಅಷ್ಟಕ್ಕೆ ಸಾಕಾಗುತ್ತದೆ. ಮುರಿದ ಕೈಗೆ ಒಂದೂವರೆ ತಿಂಗಳು ಪಟ್ಟಿ ಕಟ್ಟಿದರೆ ನಮ್ಮ ತೋಳು ಸೊರಗಿಹೋಗುತ್ತದೆ; ತಿಂಗಳುಗಟ್ಟಲೆ ಅಲುಗಾಡದೆ ಮುದುರಿಕೊಂಡಿದ್ದ ಆ ಕಪ್ಪೆಗಳ ಕಾಲುಗಳಾದರೋ ಹೆಚ್ಚಾಗಿ ಸೊರಗುವುದಿಲ್ಲ. ಮಳೆ ಬಂದ ದಿನವೇ ನೆಗೆಯಲು ಸಿದ್ಧವಾಗಿರುತ್ತವೆ.

ಹಾಗೆಂದು ಮಣ್ಣು ಸೇರುವುದೆಲ್ಲ ಬರಗಾಲದ ಭಯದಿಂದಲೇ ಎಂದು ತಿಳಿಯಬಾರದು. ಹಗಲಿನಲ್ಲಿ ಬೆಳ್ಳಕ್ಕಿ, ಹಾವುಗಳ ಕಣ್ಣು ತಪ್ಪಿಸಲೂ ಅವು ಅಡಗುತ್ತವೆ. ದಕ್ಷಿಣ ಅಮೆರಿಕದ ಕೊಂಬುಗಪ್ಪೆ ಎಲೆಗಸದ ನಡುವೆ ಅರ್ಧ ಹೂತುಕೊಂಡು, ಕಣ್ಣುಗಳನ್ನಷ್ಟೇ ಮೇಲಿಟ್ಟು, ಬೇಟೆಗಾಗಿ ಹೊಂಚುತ್ತದೆ. ಹೊರದೇಶಗಳಲ್ಲಿ ಇಂಥ ಕಪ್ಪೆಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಸಾಕುವವರುಂಟು. ಹೊತ್ತಿಗೆ ಸರಿಯಾಗಿ ಆಹಾರ ಸಿಕ್ಕರೂ ಅವು ದಿನಗಟ್ಟಲೆ ಹೂತುಕೊಂಡಿರುವುದನ್ನು ಕಂಡು ಅವರು ಗಾಬರಿಯಾಗುತ್ತಾರೆ. ಬಲ್ಲವರು ಅವರಿಗೆ ಹೇಳುವುದಿಷ್ಟೆ: ಮಣ್ಣು ಒಣಗದಂತೆಯೂ ತೀರ ತಣ್ಣಗಾಗದಂತೆಯೂ ನೋಡಿಕೊಳ್ಳಿ, ಸುಮ್ಮಸುಮ್ಮನೆ ಅಗೆದು ಎಬ್ಬಿಸಬೇಡಿ. ಎಬ್ಬಿಸಿದ ಪ್ರತಿಸಲವೂ ಅದು ಕೂಡಿಟ್ಟ ನೀರಿಗೂ ಶಕ್ತಿಗೂ ನಷ್ಟವೇ.

ನೆಲದೊಳಗೆ ಮಲಗಿದ್ದಕ್ಕೆ ಮಳೆಯ ಸುದ್ದಿ ಮುಟ್ಟಿಸುವವರು ಯಾರು? ಅಮೆರಿಕದ ಸೋನೋರ ಮರುಭೂಮಿಯಲ್ಲಿ ಸಲಿಕೆಗಾಲಿನ ಕಪ್ಪೆಗಳು ವರ್ಷದ ಬಹುಭಾಗವನ್ನು ನೆಲದಡಿಯಲ್ಲೇ ಕಳೆಯುತ್ತವೆ. ಡಿಮ್ಮಿಟ್ ಮತ್ತು ರುಯಿಬಾಲ್ ಎಂಬಿಬ್ಬರು ವಿಜ್ಞಾನಿಗಳು 1980ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಅವುಗಳನ್ನು ಎಬ್ಬಿಸುವುದು ನೀರಿನ ಸ್ಪರ್ಶಕ್ಕಿಂತ ಹೆಚ್ಚಾಗಿ ಮಳೆಹನಿಗಳು ನೆಲಕ್ಕೆ ಬಡಿಯುವ ಸದ್ದು ಮತ್ತು ಅದರುವಿಕೆ ಎಂದು ತಿಳಿದುಬಂದಿತು. ವಿದ್ಯುತ್ ಮೋಟರಿನಿಂದ ಒಣ ಮಣ್ಣನ್ನು ಅದುರಿಸಿದಾಗಲೂ ಅವು ಮೇಲೆದ್ದು ಬಂದವು! ಹೀಗೆ ಎದ್ದ ಕಪ್ಪೆಗಳಿಗೆ ಬಿಡುವಿಲ್ಲ. ಮಳೆಯ ಹೊಂಡ ಬತ್ತುವುದರೊಳಗೆ ಮೊಟ್ಟೆಯಿಟ್ಟು ಮರಿ ಬೆಳೆಯಬೇಕು. ಆ ಮರುಭೂಮಿಯ ಒಂದು ಜಾತಿಯ ಗೊದಮೊಟ್ಟೆಗಳು ಎಂಟು ಹತ್ತು ದಿನಗಳಲ್ಲೇ ಕಪ್ಪೆಗಳಾಗಿಬಿಡಬಲ್ಲವು.

ಇಷ್ಟೆಲ್ಲ ತಿಳಿದುಕೊಂಡುದು ಬರಿಯ ಕುತೂಹಲಕ್ಕಾಗಿ ಎಂದುಕೊಂಡಿದ್ದೆವು. ಆದರೆ ಅದು ಒಂದು ಜೀವದ ಪ್ರಶ್ನೆಯಾಗಿ ನಮ್ಮೆದುರು ನಿಲ್ಲುವ ಕಾಲ ಬಂದಿತು. ಮಳೆಗಾಲದಲ್ಲಿ ಹಿತ್ತಿಲ ಕೆಸರಿನಲ್ಲಿ ನನ್ನ ತಾಯಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. ಹಿತ್ತಿಲಿಗೆಲ್ಲ ಕಾಂಕ್ರೀಟು ಹಾಸಿಸಿಬಿಡಬೇಕೆಂದು ನನ್ನ ತಮ್ಮ ನಿಶ್ಚಯಿಸಿದನು. ಅವನ ಮಾತಿನಲ್ಲಿ ನ್ಯಾಯವಿದ್ದಿತು. 2020ರ ಫೆಬ್ರವರಿಯಲ್ಲಿ ಜಲ್ಲಿ ಮರಳು ಬಂದು ಬಿದ್ದವು. ನೆಲವನ್ನು ಗುದ್ದಿ ಗಟ್ಟಿಮಾಡುವ ಯಂತ್ರವೂ ಬರುವುದಿದ್ದಿತು. ಗುಂಡನು ಹಿಂದಿನ ನವೆಂಬರ್ 24ರಂದು ಮಣ್ಣಿಗಿಳಿದವನು ಮೇಲೆ ಬಂದಿರಲಿಲ್ಲ.

ಆಗ ಎಂಟನೆಯ ತರಗತಿಯಲ್ಲಿದ್ದ ಪುಟ್ಟಿ ಮಾವನ ಎದುರು ನೋಟುಪುಸ್ತಕವನ್ನು ಹಿಡಿದು ನಿಂತಳು. “ಅದು ಈಗಲೂ ಅಲ್ಲಿದೆ ಎನ್ನುವುದಕ್ಕೆ ಸಾಕ್ಷಿ ಏನು? ತೋರಿಸು, ಬೇರೆ ಕಡೆ ಬಿಟ್ಟು ಬರೋಣ” ಎಂದನು ಅವನು. ತೋರಿಸಬೇಕಾದರೆ ಹಿತ್ತಿಲನ್ನೆಲ್ಲ ಅಗೆಯಬೇಕು. ಅಗೆದರೆ ಗುದ್ದಲಿಯ ಏಟಿಗೆ ಸಿಕ್ಕಬಹುದು. ಸಿಕ್ಕದಿದ್ದರೂ ಮಾಘಮಾಸದ ಒಣನೆಲದಲ್ಲಿ ಎಚ್ಚತ್ತ ಕಪ್ಪೆಗೆ ನೀರೆಲ್ಲಿ, ಹುಳುವೆಲ್ಲಿ? ಅಗೆಯದೆ ಕಾಂಕ್ರೀಟು ಹಾಸಿದರೆ ಮಳೆಯ ನೀರು ಕೆಳಗಿಳಿಯದು, ಕಪ್ಪೆ ಮೇಲೆ ಬಾರದು. ಯಂತ್ರದ ಗುಡುಗನ್ನೇ ಮಳೆಯೆಂದು ನಂಬಿ ಎದ್ದುಬಿಟ್ಟರೆ ಎಂಬ ಅಳುಕು ಬೇರೆ. ಅಮೆರಿಕದ ಕಪ್ಪೆಯ ಸ್ವಭಾವವೇ ನಮ್ಮದಕ್ಕೂ ಇರಬೇಕೆಂದಿಲ್ಲ. ಆದರೂ ಅದನ್ನು ಪರೀಕ್ಷಿಸಿ ನೋಡುವ ಧೈರ್ಯ ನಮಗಾರಿಗೂ ಇರಲಿಲ್ಲ. ಪುಟ್ಟಿ ಒಂದೇ ಮಾತು ಹೇಳಿದಳು: “ಹೋದ ವರ್ಷವೂ ಕಂಡಿರಲಿಲ್ಲ ಮಾವ, ಆದರೆ ಇತ್ತು.”

ತೀರ್ಪು ಕೊಟ್ಟವರು ಕೈ ಮುರಿದುಕೊಂಡಿದ್ದ ನನ್ನ ತಾಯಿಯೇ. “ನನಗೆ ನಡೆಯುವಷ್ಟು ಹಾಸಿ, ಅದಕ್ಕೆ ಮಲಗುವಷ್ಟು ಬಿಡಿ” ಎಂದರು. ಅಡುಗೆಮನೆಯ ಬಾಗಿಲಿನಿಂದ ಒಗೆಯುವ ಕಲ್ಲಿನವರೆಗೆ, ಗಿಡಗಳ ಬುಡದಿಂದ ದೂರವಾಗಿ, ಚಪ್ಪಡಿಗಳ ಒಂದು ಹಾದಿಯಾಯಿತು. ಯಂತ್ರವನ್ನು ತರಿಸಲಿಲ್ಲ, ಮರಳು ಹರಡಿ ಚಪ್ಪಡಿಗಳನ್ನು ಕೈಯಿಂದಲೇ ಕೂರಿಸಿದರು. ಉಳಿದ ನೆಲ ನೆಲವಾಗಿಯೇ ಉಳಿಯಿತು.

ಭರಣಿಯ ಮಳೆ ದೂಳನ್ನಷ್ಟೇ ಅಡಗಿಸಿ ಹೋಯಿತು. ಕೃತ್ತಿಕೆಯೂ ಹನಿದು ಹೋಯಿತು. ಪುಟ್ಟಿ ‘ಕಾಣಲಿಲ್ಲ’ ಎಂದು ಬರೆಯುತ್ತಲೇ ಇದ್ದಳು. ಆ ಮಾತನ್ನು ಬರೆಯುವಾಗ ಅವಳ ಕೈ ಎಷ್ಟು ಭಾರವಾಗುತ್ತಿತ್ತೆಂಬುದು ಪಕ್ಕದಲ್ಲಿದ್ದ ನನಗೆ ಗೊತ್ತು. ಮೇ 28ರಂದು ರೋಹಿಣಿಯ ಮಳೆ ಸಿಡಿಲು ಗುಡುಗುಗಳೊಂದಿಗೆ ಧಾರಾಕಾರವಾಗಿ ಸುರಿಯಿತು. ರಾತ್ರಿ ಹತ್ತು ಗಂಟೆಗೆ ದೀಪ ಹಿಡಿದು ಹೋದೆವು. 186 ದಿನಗಳ ತರುವಾಯ ಹಳದಿ ಬೊಟ್ಟಿನ ಗುಂಡನು ಕರಿಬೇವಿನ ಬುಡದಲ್ಲಿದ್ದನು. ಅವನಿಂದ ಒಂದು ಮಾರು ದೂರದಲ್ಲಿ, ಬೊಟ್ಟಿಲ್ಲದ ಇನ್ನೊಂದು ಕಪ್ಪೆ ಕುಳಿತಿದ್ದಿತು. ಅದನ್ನು ಎಂದೂ ನೋಡಿರಲಿಲ್ಲ. ಅದರ ಪರವಾಗಿ ಯಾರೂ ವಾದಿಸಿರಲಿಲ್ಲ. ನನ್ನ ತಮ್ಮ ಬಹಳ ಹೊತ್ತು ದೀಪ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದನು.

ನೆಲದಡಿಯ ನೆಂಟರೆಲ್ಲರ ಪರಿಚಯ ನಮಗಿನ್ನೂ ಆಗಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾವ್ ಅವರು ಕಳೆದ ಶತಮಾನದ ಪೂರ್ವಾರ್ಧದಲ್ಲಿಯೇ ನಮ್ಮ ನಾಡಿನ ಕಪ್ಪೆಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು; 2010ರಲ್ಲಿ ಕಪ್ಪೆಗಳ ಒಂದು ಕುಲಕ್ಕೆ ಅವರ ಹೆಸರನ್ನೇ ಇಡಲಾಯಿತು. ಅವರ ಕಾಲವಾದ ಮೇಲೂ ಶೋಧ ಮುಗಿಯಲಿಲ್ಲ. ಗೆದ್ದಲುಗಳನ್ನು ತಿನ್ನುತ್ತ ನೆಲದೊಳಗೇ ಬಾಳಿ, ಮಳೆಗಾಲದ ಆರಂಭದಲ್ಲಿ ಕೆಲವೇ ದಿನ ಮೇಲೆ ಬರುವ ಸಹ್ಯಾದ್ರಿಯ ನೇರಳೆಗಪ್ಪೆಗೆ ವಿಜ್ಞಾನವು ಹೆಸರಿಟ್ಟುದು 2003ರಲ್ಲಿ. 2020ರಲ್ಲಿ, ಎಂದರೆ ನಮ್ಮ ಹಿತ್ತಿಲ ವಿವಾದ ನಡೆದ ವರ್ಷವೇ, ಬೆಂಗಳೂರಿನ ಹೊರವಲಯದಲ್ಲಿ ಹೊಸ ಬಿಲಗಪ್ಪೆಯೊಂದನ್ನು ಗುರುತಿಸಿ, ಅದಕ್ಕೆ ಆ ನಗರದ ಹೆಸರನ್ನೇ ಇಟ್ಟರು. ಲಕ್ಷಾಂತರ ಜನ ಓಡಾಡುವ ಊರಿನ ಅಂಚಿನಲ್ಲಿ ಅದು ಅಷ್ಟು ಕಾಲವೂ ಇದ್ದೇ ಇದ್ದಿತು, ನಮಗೆ ಕಂಡಿರಲಿಲ್ಲ.

ನಮ್ಮ ಊರುಗಳು ಬೆಳೆಯಬೇಕು, ಹಾದಿಗಳು ಹಸನಾಗಬೇಕು, ವೃದ್ಧರ ಕಾಲು ಜಾರಬಾರದು. ಇವೆಲ್ಲವೂ ನಿಜ. ಆದರೆ ನೆಲಕ್ಕೆ ಹಾಸುಗಲ್ಲು ಹಾಕುವ ಮುನ್ನ, ಅದರಡಿಯಲ್ಲಿ ಮಳೆಗಾಗಿ ಕಾದು ಮಲಗಿರುವವರು ಯಾರಾದರೂ ಇರಬಹುದೆಂದು ಒಮ್ಮೆ ಯೋಚಿಸುವುದು ಒಳ್ಳೆಯದು. ಇದ್ದಾರೆಂದು ತೋರಿಸುವ ಸಾಕ್ಷಿ ಆ ಹೊತ್ತಿಗೆ ನಮ್ಮ ಕೈಯಲ್ಲಿ ಇಲ್ಲದಿರಬಹುದು. ನಾಲ್ಕಡಿ ಮಣ್ಣನ್ನು ತೆರೆದಿಟ್ಟು, ಒಂದು ಮಳೆಗಾಲದವರೆಗೆ ಕಾಯುವ ತಾಳ್ಮೆಯಿದ್ದರೆ ಆ ಸಾಕ್ಷಿ ತಾನಾಗಿಯೇ ಎದ್ದು ಬರುತ್ತದೆ.