ಘಾಟಿಯ ಬುಡದಲ್ಲಿ

ಉಡುಪಿಯಿಂದ ಹೆಬ್ರಿಯನ್ನು ದಾಟಿ ಸೋಮೇಶ್ವರಕ್ಕೆ ಬಂದವರ ಇದಿರಿನಲ್ಲಿ ಸಹ್ಯಾದ್ರಿಯು ಹಸುರು ಗೋಡೆಯಂತೆ ನಿಲ್ಲುತ್ತದೆ. ಆಗುಂಬೆಯನ್ನು ಸೇರಲು 14 ಕಡಿದಾದ ತಿರುವುಗಳನ್ನು ಏರಬೇಕು. ಮೇಲಿನಿಂದ ಕಡಲಿನ ಸೂರ್ಯಾಸ್ತವನ್ನು ನೋಡಬೇಕೆಂಬುದು ನಮ್ಮ ತಾಯಿಯವರ ಬಹುದಿನದ ಬಯಕೆ. 1978ರ ಡಿಸೆಂಬರಿನಲ್ಲಿ ಹೊರಟೆವು. ಆದರೆ ನಮ್ಮ ಹಳೆಯ ಕಾರಿಗೆ ಚಳಿಜ್ವರ ಹಿಡಿದಿತ್ತು! ಓಡುವಾಗ ಏನೂ ಇಲ್ಲ. ನಿಂತೊಡನೆ ಗಡಗಡ ನಡುಕ. ಉಡುಪಿಯಲ್ಲಿ ನಾಲ್ಕು ಹೊಸ ಪ್ಲಗ್ಗುಗಳನ್ನು ಹಾಕಿಸಿದೆ. ಹಣ ಹೋಯಿತು, ನಡುಕ ಹೋಗಲಿಲ್ಲ.

ಮೊದಲನೆಯ ತಿರುವಿನಲ್ಲಿ ಮೇಲಿನಿಂದ ಬಂದ ಬಸ್ಸಿಗೆ ದಾರಿ ಬಿಡಲು ಆಕ್ಸಿಲರೇಟರಿನಿಂದ ಕಾಲೆತ್ತಿದೆ. ಎಂಜಿನ್ ನಿಂತೇ ಹೋಯಿತು. ಕಾರು ಹಿಂದಕ್ಕೆ ಜಾರತೊಡಗಿತು. ನಾನು ಕೈಬ್ರೇಕನ್ನು ಎಳೆಯುವಷ್ಟರಲ್ಲಿ ಮಗನು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟನು. ತಾಯಿಯವರು ಒಂದು ಮಾತನ್ನೂ ಆಡಲಿಲ್ಲ. ಮೆಲ್ಲನೆ ಕೆಳಗಿಳಿದು ಸೋಮೇಶ್ವರದ ಅಂಚಿನಲ್ಲಿದ್ದ ಒಂದು ಮೆಕ್ಯಾನಿಕ್ ಶೆಡ್ಡನ್ನು ಸೇರಿದೆವು.

ಅಲ್ಲಿನ ವೃದ್ಧನು ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಳಚಿ ನೋಡಿದನು. ಪ್ರತಿ ಸಲವೂ ಎಂಜಿನ್ ಇನ್ನಷ್ಟು ಕುಗ್ಗಿತು; ಎಂದರೆ ನಾಲ್ಕು ಸಿಲಿಂಡರುಗಳೂ ದುಡಿಯುತ್ತಿದ್ದವು.

“ಸ್ಪೀಡಲ್ಲಿ ಸಮ ಉಂಟಲ್ಲ? ಹಾಗಾದ್ರೆ ಎಲ್ಲಿಯೋ ಗಾಳಿ ಎಳೀತಾ ಉಂಟು ಮಾರಾಯ್ರೆ,” ಎಂದನು.

ಕಾರು ನಿಂತಿರುವಾಗ ಕಾರ್ಬುರೇಟರಿನ ಬಾಗಿಲು ಬಹುತೇಕ ಮುಚ್ಚಿರುತ್ತದೆ. ಎಂಜಿನ್ ಬಲವಾಗಿ ಉಸಿರೆಳೆಯುತ್ತದೆ. ಆಗ ಬಿರುಕಿನಿಂದ ನುಸುಳುವ ಗಾಳಿಯು ಪೆಟ್ರೋಲಿನ ಹದವನ್ನು ತೆಳುವಾಗಿಸುತ್ತದೆ. ವೇಗದಲ್ಲಿ ಒಳಗೆ ನುಗ್ಗುವ ಗಾಳಿಯೇ ಅಪಾರ. ಆ ಕಳ್ಳಗಾಳಿ ಲೆಕ್ಕಕ್ಕೆ ಬರುವುದಿಲ್ಲ. ನನ್ನ ನಾಲ್ಕು ಪ್ಲಗ್ಗುಗಳು ವ್ಯರ್ಥವಾದುದು ಹೀಗೆ.

ಅವನು ಕಾರ್ಬುರೇಟರಿನ ಬುಡದ ಕೂಡಿಕೆಗೆ ನೀರನ್ನು ತೊಟ್ಟಿಕ್ಕಿಸಿದನು. ಎಂಜಿನ್ನಿನ ಸದ್ದು ತಟ್ಟನೆ ಬದಲಾಯಿತು. ಬಿಚ್ಚಿದರೆ, ಗ್ಯಾಸ್ಕೆಟ್ಟು ಒಣಗಿ ಸೀಳಿತ್ತು. ದಪ್ಪ ಗ್ಯಾಸ್ಕೆಟ್ ಕಾಗದವನ್ನು ಅದರ ಜಾಗದಲ್ಲಿ ಹಾಸಿ, ಅಂಚಿನುದ್ದಕ್ಕೂ ಸುತ್ತಿಗೆಯಿಂದ ನಯವಾಗಿ ತಟ್ಟಿ ಹೊಸದನ್ನು ಕತ್ತರಿಸಿದನು. ಅಪ್ಪಳ ಒತ್ತುವವರ ಕೈಯಲ್ಲಿಯೂ ಅಷ್ಟು ಹದವನ್ನು ನಾನು ಕಂಡಿಲ್ಲ!

“ಅಮ್ಮಾ, ಆ ಚೊಂಬು ಸ್ವಲ್ಪ ಕೊಡಿ.”

ತಾಯಿಯವರ ನೀರಿನ ಚೊಂಬನ್ನು ಎಂಜಿನ್ನಿನ ಪಕ್ಕದ ತಗಡಿನ ಮೇಲಿಟ್ಟು, ತಿರುಪುಗಳನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದನು. ನೀರಿನ ಅಲೆಗಳು ಸಣ್ಣವಾದುವು, ಬಳಿಕ ಅಡಗಿದುವು. ಎರಡು ಗಂಟೆಯ ದುಡಿಮೆಗೆ ಅವನು ಕೇಳಿದ್ದು ಒಂದು ಪ್ಲಗ್ಗಿನ ಬೆಲೆಗಿಂತಲೂ ಕಡಿಮೆ.

ಸೂರ್ಯಾಸ್ತದ ಕಟ್ಟೆಯನ್ನು ಮುಟ್ಟಿದಾಗ ಬಿಂಬವು ಅರ್ಧ ಮುಳುಗಿತ್ತು. ತಾಯಿಯವರು ಸೆರಗನ್ನು ಹೊದ್ದು ಕಟ್ಟೆಯ ಬಳಿ ನಿಂತರು. ಎಂಜಿನ್ನನ್ನು ಆರಿಸಲು ನನಗೆ ಧೈರ್ಯ ಸಾಲಲಿಲ್ಲ; ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು.