ಇಲಿಗೆ ಒಲಿದ ಭಾಗ್ಯ

ಬಬ್ಬೂರಿನವನು ಎಂದು ಹೇಳಿಕೊಂಡರೆ ಹೊರಗಿನವರು ಕೇಳುವುದು ಎರಡೇ ಪ್ರಶ್ನೆ. ಬಬ್ಬೂರುಕಮ್ಮೆಯವರ ಊರಾ? ಇಲ್ಲಾ, ಕೃಷಿ ಫಾರ್ಮ್ ಇರೋ ಊರಾ? ಎರಡಕ್ಕೂ ಹೌದೆಂದು ತಲೆಯಾಡಿಸಿದರೆ ಮೂರನೆಯದು ತಾನಾಗಿ ಬರುತ್ತದೆ: ಮಾರಿಕಣಿವೆಯಲ್ಲಿ ಈಗ ನೀರೆಷ್ಟು? ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿಯೇ ನಮ್ಮ ಹಿರಿಯರ ಆಯುಸ್ಸು ಕಳೆಯಿತು. 1933ರಲ್ಲಿ ಕೋಡಿ ಬಿದ್ದ ಮಾರಿಕಣಿವೆಯ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ, ಪ್ರತಿ ಮಳೆಗಾಲಕ್ಕೂ ಯಾರಾದರೊಬ್ಬರು ಕಟ್ಟೆಯ ಮೇಲೆ ಕೂತು “ಈ ಸಲ ತುಂಬುತ್ತೆ ನೋಡ್ರಿ” ಎನ್ನುತ್ತಲೇ ಬಂದರು. ಹಾಗಾಗಿ ಕಾಯುವ ವಿಷಯದಲ್ಲಿ ಹಿರಿಯೂರು ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮಗೆ ಒಗ್ಗದಿರುವುದು ಅವಸರ.

ಅವಸರ ಬೇಡುವ ಕಾಯಿಲೆಗಳಲ್ಲಿ ಲಕ್ವಕ್ಕೆ ಮೊದಲ ಮಣೆ. ಮೆದುಳಿಗೆ ಹೋಗುವ ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಆದರೆ ಯಾರಿಗಾದರೂ ಬಾಯಿ ಸೊಟ್ಟಗಾದ ಸುದ್ದಿ ಬಂದ ಕೂಡಲೇ ನಮ್ಮ ಕಟ್ಟೆಯಲ್ಲಿ ಸಭೆ ಸೇರುತ್ತದೆ. ಒಬ್ಬರು ಪಾರಿವಾಳದ ರಕ್ತ ತಿಕ್ಕಿ ಎನ್ನುತ್ತಾರೆ. ಇನ್ನೊಬ್ಬರಿಗೆ ನಾಟಿ ಔಷಧಿ ಕೊಡುವವರ ಹಳ್ಳಿಯ ಹೆಸರೂ ಅಲ್ಲಿಗೆ ಹೋಗುವ ಬಸ್ಸಿನ ವೇಳೆಯೂ ಬಾಯಿಪಾಠ. ವಾಟ್ಸಾಪ್ ಓದಿದವರು ಸೂಜಿಯಿಂದ ಹತ್ತೂ ಬೆರಳು ಚುಚ್ಚಿ ಎನ್ನುತ್ತಾರೆ. ಎಲ್ಲರ ಮಾತೂ ಮುಗಿದ ಮೇಲೆ, ಹೇಗೂ ಬೆಳಗಾಗಲಿ, ಆಮೇಲೆ ದುರ್ಗಕ್ಕೆ ಹೋಗೋಣ ಎಂದು ತೀರ್ಮಾನವಾಗುತ್ತದೆ. ಚಿತ್ರದುರ್ಗ ಇರುವುದು ಸುಮಾರು 40 ಕಿಲೋಮೀಟರ್ ದೂರದಲ್ಲಿ, ನುಣುಪಾದ ಹೆದ್ದಾರಿಯ ಮೇಲೆ.

ಇದೆಲ್ಲ ನೆನಪಾದದ್ದು ಇಲಿಗಳಿಂದಾಗಿ. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರಘು ವೇಮುಗಂಟಿ ಅವರ ತಂಡ ಇಲಿಗಳಿಗೆ ಬೇಕೆಂದೇ ಲಕ್ವ ಹೊಡೆಸಿ, ಆಮೇಲೆ ಅವುಗಳ ಮೆದುಳಿನಲ್ಲಿ ಯಾವ ಯಾವ ಜೀನ್ ತಲೆಯೆತ್ತುತ್ತದೆ ಎಂದು ಬಹಳ ವರ್ಷಗಳಿಂದ ನೋಡುತ್ತಿದೆ. ಲಕ್ವದಲ್ಲಿ ಅನಾಹುತ ಎರಡು ಕಂತಿನಲ್ಲಿ ಆಗುತ್ತದೆ. ರಕ್ತ ನಿಂತ ಜಾಗದ ನಡುಭಾಗ ಕೆಲವೇ ನಿಮಿಷಗಳಲ್ಲಿ ಸತ್ತುಹೋಗುತ್ತದೆ. ಅದನ್ನು ಯಾರೂ ಉಳಿಸಲಾರರು. ಸುತ್ತಲಿನ ಅಂಚು ಮಾತ್ರ ಗಂಟೆಗಟ್ಟಲೆ ಅರೆಜೀವವಾಗಿ ಉಳಿದಿರುತ್ತದೆ. ಅಲ್ಲಿ ಉರಿಯೂತ ಏಳುತ್ತದೆ, ಬೇಡದ ಜೀನ್‌ಗಳು ಚುರುಕಾಗುತ್ತವೆ, ಕೋಶಗಳು ತಮ್ಮ ಸಾವನ್ನು ತಾವೇ ತಂದುಕೊಳ್ಳುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಹೆಸರು ಕೆಡಿಸಿಕೊಂಡ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಲಕ್ವ ಹೊಡೆದ ಮೆದುಳಿನಲ್ಲೂ ಹೆಚ್ಚಾಗುತ್ತದೆಂದು 2016ರಲ್ಲಿ ಇವರು ತೋರಿಸಿದರು. ಅದರ ಜೀನನ್ನು ಅಡಗಿಸಿದಾಗ ಮೆದುಳಿಗಾದ ಗಾಯ ಕಿರಿದಾಯಿತು. ಅದಕ್ಕೂ ಮೊದಲು, 2015ರಲ್ಲಿ, ಫಾಸ್‌ಡಿಟಿ ಎಂಬ ಉದ್ದನೆಯ ಆರ್‌ಎನ್‌ಎ ಒಂದನ್ನು ಅಡಗಿಸಿಯೂ ಇಂಥದೇ ಫಲ ಕಂಡಿದ್ದರು. ಆ ಆರ್‌ಎನ್‌ಎ ಹುಟ್ಟಿನಿಂದಲೇ ಇಲ್ಲದ ಇಲಿಗಳನ್ನೂ ಸಾಕಿ ನೋಡಿದರು. ಅವುಗಳ ಬೆಳವಣಿಗೆಯಲ್ಲಿ ಕುಂದೇನೂ ಕಾಣಲಿಲ್ಲ. ಲಕ್ವ ಹೊಡೆದಾಗ ಮಾತ್ರ ಉಳಿದ ಇಲಿಗಳಿಗಿಂತ ಚೆನ್ನಾಗಿ ಚೇತರಿಸಿಕೊಂಡವು. ಹಾಗಾದರೆ ಅದು ಮೈಯಲ್ಲಿ ಇರುವುದಾದರೂ ಯಾತಕ್ಕೆ ಎಂದು ಕೇಳಬೇಡಿ. ಊರಿನಲ್ಲೂ ಅಂಥವರು ಇದ್ದೇ ಇರುತ್ತಾರೆ.

ಜೀನ್ ಅಡಗಿಸುವುದು ಎಂದರೆ ಜೀನನ್ನು ಕತ್ತರಿಸುವುದಲ್ಲ. ಮೂಲ ದಾಖಲೆ ತಾಲ್ಲೂಕು ಕಚೇರಿಯ ಬೀರುವಿನಲ್ಲೇ ಭದ್ರವಾಗಿರುತ್ತದೆ. ಹೊರಗೆ ಬಂದ ಪಹಣಿ ನಕಲನ್ನು ಬಾಗಿಲಲ್ಲೇ ಹರಿದು ಹಾಕಿದರೆ ಅದನ್ನು ಹಿಡಿದು ಸಾಲ ಎತ್ತಲಾಗುವುದಿಲ್ಲ, ಅಷ್ಟೆ. ಜೀನ್‌ನ ನಕಲು ಆರ್‌ಎನ್‌ಎ. ಅದಕ್ಕೆ ಸರಿಯಾಗಿ ಜೋಡಿಯಾಗುವ, ಇಪ್ಪತ್ತೊಂದು ಅಕ್ಷರದಷ್ಟೇ ಉದ್ದದ ತುಂಡೊಂದನ್ನು ಕೋಶದೊಳಗೆ ಬಿಟ್ಟರೆ, ಕೋಶದ ಯಂತ್ರವೇ ಆ ನಕಲನ್ನು ಹುಡುಕಿ ಕತ್ತರಿಸುತ್ತದೆ. ನಾಳೆ ಹೊಸ ನಕಲು ಬರುತ್ತದೆ, ನಿಜ. ಆದ್ದರಿಂದಲೇ ಇಂಥ ಮದ್ದನ್ನು ಆಗಾಗ ಮತ್ತೆ ಕೊಡಬೇಕು, ಬೇಡವೆನಿಸಿದರೆ ನಿಲ್ಲಿಸಲೂಬಹುದು.

ಇಲ್ಲಿ ಫಾರ್ಮ್ ಇರುವ ಊರಿನವನಾಗಿ ಒಂದು ಮಾತು ಹೇಳಲೇಬೇಕು. ಈ ವಿದ್ಯೆಯ ಸುಳಿವು ಮೊದಲು ಸಿಕ್ಕಿದ್ದು ಗಿಡಗಳವರಿಗೆ, ಡಾಕ್ಟರಿಗಲ್ಲ. 1990ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ರಿಚ್ ಜೋರ್ಗೆನ್ಸನ್ ಮತ್ತು ಕ್ಯಾರೊಲಿನ್ ನಪೋಲಿ ಪೆಟೂನಿಯ ಹೂವಿನ ನೇರಳೆ ಬಣ್ಣ ಇನ್ನಷ್ಟು ಗಾಢವಾಗಲಿ ಎಂದು ಬಣ್ಣದ ಜೀನ್‌ನ ಇನ್ನೊಂದು ಪ್ರತಿ ಸೇರಿಸಿದರು. ಹೂ ಬೆಳ್ಳಗಾಗಿ ಅರಳಿತು. ಹೊಸತು ಹಳೆಯದನ್ನೂ ಅಡಗಿಸಿತ್ತು. ಯಾಕೆ ಹೀಗೆ ಎಂಬುದು ಬಿಡಿಸಿಕೊಂಡದ್ದು 1998ರಲ್ಲಿ, ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಆಂಡ್ರೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಜೋಡಿ ಎಳೆಯ ಆರ್‌ಎನ್‌ಎ ಚುಚ್ಚಿದರು, ಅದಕ್ಕೆ ಹೊಂದುವ ಜೀನ್ ಅಡಗಿ ಹುಳು ನಡುಗಿತು, 2006ರಲ್ಲಿ ನೊಬೆಲ್ ಬಂತು. ಹವಾಯಿಯಲ್ಲಿ ಉಂಗುರ ಚುಕ್ಕೆ ರೋಗ ಹತ್ತದ ಪಪ್ಪಾಯಿ ತಳಿ ರೈತರ ಕೈಸೇರಿದ್ದೂ 1998ರಲ್ಲೇ. ಆ ಗಿಡ ವೈರಸ್ಸನ್ನು ತಡೆಯುವುದೂ ಇದೇ ದಾರಿಯಲ್ಲಿ. ಬೆಂಗಳೂರಿನ ಎನ್‌ಸಿಬಿಎಸ್ ಸಂಶೋಧನಾ ಸಂಸ್ಥೆಯಲ್ಲಿ ಪಡುಬಿದ್ರಿ ಶಿವಪ್ರಸಾದ್ ಅವರ ತಂಡ ಭತ್ತದಲ್ಲಿ ಇಂಥ ಸಣ್ಣ ಆರ್‌ಎನ್‌ಎಗಳ ಬೆನ್ನು ಹತ್ತಿದೆ. ನಮ್ಮ ಫಾರ್ಮಿನ ಬೇಲಿಯಾಚೆ ನಿಂತು ಶೇಂಗಾ ನೋಡುವಾಗ ನನಗೆ ಸ್ವಲ್ಪ ಜಂಬ ಬರುವುದುಂಟು, ಅದರಲ್ಲಿ ನನ್ನ ಪಾಲು ಏನೂ ಇಲ್ಲದಿದ್ದರೂ.

ಇಷ್ಟನ್ನೂ ಕಟ್ಟೆಯಲ್ಲಿ ಹೇಳಿದೆ. ಅಲ್ಲಿನ ಹಿರಿಯರೊಬ್ಬರು ತಾಳ್ಮೆಯಿಂದ ಕೇಳಿ, “ಇಲಿಗೆ ವಾಸಿಯಾತು ಸರಿ ಮೇಷ್ಟ್ರೇ, ನಮ್ಗೆ ಯಾವಾಗ?” ಎಂದರು.

ಅದೇ ಸರಿಯಾದ ಪ್ರಶ್ನೆ. 2006ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ, ಅಲ್ಲಿಯವರೆಗೆ ಲಕ್ವದ ಹೊಡೆತದಿಂದ ಮೆದುಳನ್ನು ಕಾಯಲು ಪ್ರಯೋಗಶಾಲೆಗಳಲ್ಲಿ ಪರೀಕ್ಷಿಸಿದ ಚಿಕಿತ್ಸೆಗಳು 1,026. ಮನುಷ್ಯರ ಮೇಲೆ ಪ್ರಯೋಗವಾದವು 114. ಇಲಿಯಲ್ಲಿ ಗೆದ್ದು ಮನುಷ್ಯನಲ್ಲಿ ಸೋತ ಮದ್ದುಗಳ ಸಾಲು ಬಹಳ ಉದ್ದ. ಪ್ರಯೋಗದ ಇಲಿ ಸಾಮಾನ್ಯವಾಗಿ ಹರೆಯದ್ದು, ಸಕ್ಕರೆ ಕಾಯಿಲೆಯಿಲ್ಲ, ಬೀಡಿ ಸೇದುವುದಿಲ್ಲ, ಲಕ್ವ ಹೊಡೆದ ಗಳಿಗೆ ನಿಮಿಷದ ಮಟ್ಟಿಗೆ ಗೊತ್ತು, ಡಾಕ್ಟರು ಪಕ್ಕದಲ್ಲೇ ನಿಂತಿರುತ್ತಾರೆ. ಈ ಭಾಗ್ಯ ಹಿರಿಯೂರಿನಲ್ಲಿ ಯಾರಿಗಿದೆ? ಜೊತೆಗೆ, ಆರ್‌ಎನ್‌ಎ ತುಂಡು ರಕ್ತದಿಂದ ಮೆದುಳಿಗೆ ತಾನಾಗಿ ದಾಟದು. ರಕ್ತಕ್ಕೂ ಮೆದುಳಿಗೂ ನಡುವೆ ಇರುವ ತಡೆ ಅಷ್ಟು ಬಿಗಿ. ಇಲಿಗಾದರೆ ತಲೆಬುರುಡೆಗೆ ತೂತು ಕೊರೆದು ನೇರವಾಗಿ ಚುಚ್ಚಬಹುದು.

ನನ್ನ ಎಣಿಕೆಯಂತೆ ಈ ವಿದ್ಯೆ ಲಕ್ವದ ತಂಟೆಗೆ ಬರುವುದು ಮೆದುಳಿನ ಕಡೆಯಿಂದಲ್ಲ, ಪಿತ್ತಕೋಶದ ಪಕ್ಕದಿಂದ. ಯಕೃತ್ತಿಗೆ ಆರ್‌ಎನ್‌ಎ ತುಂಡು ಮುಟ್ಟಿಸುವುದು ಸುಲಭ. ಈ ಬಗೆಯ ಮೊದಲ ಔಷಧಿ ಪ್ಯಾಟಿಸಿರಾನ್‌ಗೆ 2018ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು ಹಾಗೆಯೇ. ಇನ್‌ಕ್ಲಿಸಿರಾನ್ ಎಂಬುದು ಯಕೃತ್ತಿನ ಒಂದು ಜೀನನ್ನು ಅಡಗಿಸಿ ಕೆಟ್ಟ ಕೊಲೆಸ್ಟರಾಲನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಮೊದಲೆರಡು ಚುಚ್ಚುಮದ್ದಾದ ಮೇಲೆ ಆರು ತಿಂಗಳಿಗೊಂದು ಸಾಕು. ರಕ್ತದೊತ್ತಡಕ್ಕಾಗಿ ಜಿಲೆಬೆಸಿರಾನ್ ಎಂಬುದು ಪರೀಕ್ಷೆಯಲ್ಲಿದೆ. ಅದರ ಒಂದು ಚುಚ್ಚುಮದ್ದಿನ ಪರಿಣಾಮ 24 ವಾರದವರೆಗೂ ನಿಂತದ್ದು 2023ರಲ್ಲಿ ವರದಿಯಾಯಿತು. ಲಕ್ವಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಬಿಪಿ. ತಲೆಸುತ್ತು ನಿಂತಿತೆಂದು ಬಿಪಿ ಮಾತ್ರೆ ಬಿಟ್ಟವರು ನನ್ನ ಬೀದಿಯಲ್ಲೇ ಬೇಕಾದಷ್ಟು ಜನ. ಅವರಿಗೆ ವರ್ಷಕ್ಕೆರಡು ಸೂಜಿ ಎಂದರೆ ಹಬ್ಬವೇ ಸರಿ. ಬೆಲೆ ಕೇಳಿದರೆ ಹಬ್ಬ ಮುಗಿಯುತ್ತದೆ. ಸದ್ಯಕ್ಕೆ ಜನೌಷಧಿ ಅಂಗಡಿಯ ಮಾತ್ರೆಯೇ ಗತಿ, ಅದು ಕೆಲಸವನ್ನೂ ಮಾಡುತ್ತದೆ.

ಲಕ್ವ ಹೊಡೆದ ಮೇಲೂ ಇವತ್ತು ಇರುವ ಚಿಕಿತ್ಸೆ ಕಡಿಮೆಯದೇನಲ್ಲ. ಕಟ್ಟಿದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಕೆಲವರಿಗೆ ನಾಳದೊಳಗೆ ನಳಿಕೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯಲು 24 ಗಂಟೆಯವರೆಗೂ ಅವಕಾಶವಿರುತ್ತದೆ. ಆದರೆ ಅದು ಹೆಪ್ಪೋ ರಕ್ತಸ್ರಾವವೋ ಎಂದು ಸ್ಕ್ಯಾನ್ ಮಾಡದೆ ಯಾರೂ ಹೇಳಲಾರರು. ಅದು ಗೊತ್ತಾಗುವ ಮುಂಚೆ ಮನೆಯಲ್ಲೇ ಆಸ್ಪಿರಿನ್ ನುಂಗಿಸಬೇಡಿ. ನುಂಗುವ ಶಕ್ತಿ ಹೋಗಿರಬಹುದು, ನೀರನ್ನೂ ಕುಡಿಸಬೇಡಿ. ಬಾಯಿ ಸೊಟ್ಟಗಾಯಿತೋ, ಕೈ ಜೋತು ಬಿತ್ತೋ, ಮಾತು ತೊದಲಿತೋ, ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಬರೆದಿಟ್ಟುಕೊಂಡು 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದುಕೊಂಡು ಹೋಗಲು ಹೇಳಿ. ಡಾಕ್ಟರು ಮೊದಲು ಕೇಳುವುದು ಆ ಗಂಟೆಯನ್ನೇ.